ಡಬ್ಬಿ ಈಗ ಯಾರ ಮನೆಯಲ್ಲಿ?

ಹೋದ ವಾರ ಹೈದರಾಬಾದಿನ ಬೇಗಂ ಬಜಾರಿನಲ್ಲಿ ಒಂದು ಸ್ಟೀಲ್ ಡಬ್ಬಿ ಕೊಂಡೆ. ಕೊಳ್ಳುವವರೆಗೆ ಎಲ್ಲ ಸರಿಯಾಗಿಯೇ ನಡೆಯಿತು. ಬೆರಳಿನಿಂದ ಬಾರಿಸಿ ಸದ್ದು ಕೇಳಿದೆ, ಮುಚ್ಚಳ ಬಿಗಿಯಾಗಿ ಕೂರುತ್ತದೆಯೇ ಎಂದು ತಿರುವಿ ನೋಡಿದೆ, ಚೌಕಾಸಿ ಮಾಡಿದೆ, ಒಮ್ಮೆ ಅಂಗಡಿಯ ಮೆಟ್ಟಿಲು ಇಳಿದು ಹೊರಟು ಹೋಗುವ ನಾಟಕವನ್ನೂ ಆಡಿದೆ. ಇದಿಷ್ಟು ಮುಗಿದ ಮೇಲೆ ಅಂಗಡಿಯ ಮುದುಕ ಸೇಠ್ ಹೆಸರು ಕೊರೆಯುವ ಮಷೀನನ್ನು ಕೈಗೆತ್ತಿಕೊಂಡು, ಕನ್ನಡಕ ಮೇಲೇರಿಸಿ, "ನಾಮ್ ಕ್ಯಾ ಡಾಲನಾ ಅಮ್ಮಾ?" ಎಂದ. ನಾನು ಬಾಯಿ ತೆರೆದವಳು ಹಾಗೆಯೇ ನಿಂತುಬಿಟ್ಟೆ.

ನನ್ನ ಹೆಸರು ನನಗೆ ಮರೆತಿತ್ತು ಎಂದುಕೊಳ್ಳಬೇಡಿ. ಅಷ್ಟು ವಯಸ್ಸಾಗಿಲ್ಲ. ಆದರೆ ಡಬ್ಬಿಯ ಮೇಲೆ ಯಾರ ಹೆಸರು ಇರಬೇಕು ಎನ್ನುವುದು ನನ್ನ ಮಟ್ಟಿಗೆ ಅಷ್ಟು ಸರಳವಾದ ಪ್ರಶ್ನೆಯಲ್ಲ. ನನ್ನ ಪೇಚಾಟ ನೋಡಿ ಸೇಠ್ ಮಷೀನು ಕೆಳಗಿಟ್ಟು, "ಆರಾಮ್ ಸೇ ಸೋಚೋ" ಎಂದು ಚಹಾ ಹೇಳಿ ಕಳಿಸಿದ. ಆ ಚಹಾ ಬರುವುದರೊಳಗೆ ನಿಮಗೆ ವಿಷಯ ಹೇಳಿ ಮುಗಿಸುತ್ತೇನೆ. ಮುಗಿಯದಿದ್ದರೂ ಚಿಂತೆಯಿಲ್ಲ, ಈ ಊರಿನಲ್ಲಿ 'ಈಗ ಬಂತು' ಎಂದ ಚಹಾ ಈಗಲೇ ಬಂದದ್ದನ್ನು ನಾನು ಕಂಡಿಲ್ಲ.

ನಾನು ಗದಗಿನಿಂದ ಹೈದರಾಬಾದಿಗೆ ಬಂದದ್ದು ಈ ಊರಿಗೆ ಊರೇ ಕಂಪ್ಯೂಟರ್ ಕಲಿಯುತ್ತಿದ್ದ ಕಾಲದಲ್ಲಿ. ಲೈಟು ಕಂಬ, ಕಾಂಪೌಂಡ್ ಗೋಡೆ, ಹಾಲಿನ ಬೂತು, ಎಲ್ಲಿ ನೋಡಿದರೂ ಜಾವಾ ಕಲಿಸುತ್ತೇವೆ ಎನ್ನುವ ಚೀಟಿಗಳು. ಆಟೋದವನು ಟ್ರಂಕು ಎತ್ತಿಡುತ್ತ ಕೇಳಿದ ಮೊದಲ ಪ್ರಶ್ನೆಯೇ, "ಸಾಫ್ಟ್‌ವೇರಾ?" ನಮ್ಮವರು ಬಾಲಾನಗರದ ಕಾರ್ಖಾನೆಯವರು. ಅಲ್ಲಿ ವಿಮಾನದೊಳಗಿನ ಉಪಕರಣಗಳನ್ನು ಮಾಡುತ್ತಾರೆ. ನಮ್ಮ ಅತ್ತೆ ಮಾತ್ರ ತಮ್ಮ ಓಣಿಯಲ್ಲಿ, "ನಮ್ಮ ಮಗಂದು ವಿಮಾನದ ಕೆಲಸ ಐತ್ರಿ" ಎಂದು ಹೇಳಿ ಅಲ್ಲಿಗೇ ನಿಲ್ಲಿಸುತ್ತಿದ್ದರು. ಕೇಳಿದವರು ಉಳಿದದ್ದನ್ನು ತಾವೇ ಕಲ್ಪಿಸಿಕೊಂಡು, ಆಕಾಶದಲ್ಲಿ ವಿಮಾನ ಹೋದಾಗಲೆಲ್ಲ ನಮ್ಮ ಮನೆಯ ಕಡೆ ನೋಡುತ್ತಿದ್ದರಂತೆ. ಹೈದರಾಬಾದಿನ ಮನೆ ದಲ್ಲಾಳಿಗೆ ಇಂಥ ಭಕ್ತಿ ಇರಲಿಲ್ಲ. ಸಾಫ್ಟ್‌ವೇರ್ ಅಲ್ಲ ಎಂದ ತಕ್ಷಣ ಅವನ ಮುಖ ಸಣ್ಣಗಾಯಿತು. ಹೊಸ ಬಡಾವಣೆಗಳ ಮಾತು ಬಿಟ್ಟು ಸೀದಾ ಮಲ್ಕಾಜ್‌ಗಿರಿಗೆ ಕರೆದುಕೊಂಡು ಹೋದ.

ಮಲ್ಕಾಜ್‌ಗಿರಿಯಲ್ಲಿ ರೈಲ್ವೆಯವರದೇ ರಾಜ್ಯ. ಹಳೆಯ ಎರಡಂತಸ್ತಿನ ಮನೆ, ಮೇಲಿನ ಅಂತಸ್ತಿನಲ್ಲಿ ಎದುರುಬದುರು ಎರಡು ಬಾಗಿಲು. ಒಂದು ನಮ್ಮದು. ಇನ್ನೊಂದರ ಮೇಲೆ ರೈಲ್ವೆ ನೌಕರರೊಬ್ಬರ ಹೆಸರಿನ ಹಲಗೆ. ರೈಲು ಹೋದಾಗ ಅಡುಗೆ ಮನೆಯ ಪಾತ್ರೆಗಳು ತಮ್ಮತಮ್ಮಲ್ಲೇ ಮಾತಾಡುತ್ತಿದ್ದವು. ಮಾತಾಡುವುದಕ್ಕೆ ಅವುಗಳಿಗಾದರೂ ಜೊತೆ ಇತ್ತು. ನನಗೆ ಅದೂ ಇರಲಿಲ್ಲ.

ಏಕೆಂದರೆ ನನಗೆ ತೆಲುಗು ಬಾರದು. ಹಿಂದಿ ಶಾಲೆಯಲ್ಲಿ ಕಲಿತದ್ದು, ಅದರಲ್ಲಿ ಗಾಂಧೀಜಿಯ ಬಗ್ಗೆ ಪ್ರಬಂಧ ಬರೆಯಬಹುದೇ ಹೊರತು ಗ್ಯಾಸ್ ಸಿಲಿಂಡರ್ ಯಾವಾಗ ಬರುತ್ತದೆಂದು ಕೇಳಲಾಗುವುದಿಲ್ಲ. ಹೀಗಾಗಿ ಯಾರು ಏನು ಹೇಳಿದರೂ ತಲೆಯಾಡಿಸುವ ಅಭ್ಯಾಸ ಮಾಡಿಕೊಂಡೆ. ಹಾಲಿನವನು ಏನೋ ಕೇಳಿದ, ತಲೆಯಾಡಿಸಿದೆ, ಮರುದಿನದಿಂದ ಎಮ್ಮೆಯ ಹಾಲಿನ ಜೊತೆ ಮೊಸರಿನ ಪ್ಯಾಕೆಟ್ಟೂ ಬರತೊಡಗಿತು. ಒಂದು ಮಧ್ಯಾಹ್ನ ನಾಲ್ಕೈದು ಹೆಂಗಸರು ಬಂದು ಬಹಳ ಹೊತ್ತು ಏನೋ ವಿವರಿಸಿದರು. ನಾನು ಮನಸಾರೆ ತಲೆಯಾಡಿಸಿದೆ. ಬಂದ ಶುಕ್ರವಾರ ಇಡೀ ಭಜನಾ ಮಂಡಳಿ ತಾಳ ಸಮೇತ ನಮ್ಮ ಮನೆಯಲ್ಲಿ ಬಂದು ಕೂತಾಗ ವಿಷಯ ತಿಳಿಯಿತು. ಕಾರ್ಖಾನೆಯಿಂದ ಬಂದ ನಮ್ಮವರು ಬಾಗಿಲಲ್ಲಿದ್ದ ಚಪ್ಪಲಿಗಳ ರಾಶಿ ನೋಡಿ, ಮನೆಯಲ್ಲಿ ಏನೋ ಆಗಬಾರದ್ದು ಆಗಿದೆ ಎಂದು ಗಾಬರಿಯಾಗಿ ಓಡಿ ಬಂದರು. ಒಳಗೆ ನಾನು ಕೈಗೆ ಸಿಕ್ಕ ಚಮಚಗಳನ್ನು ತಾಳ ಮಾಡಿಕೊಂಡು ಬಾರಿಸುತ್ತಿದ್ದೆ.

ನಗಬೇಡಿ. ನಕ್ಕರೂ ಇದನ್ನೊಂದು ನೆನಪಿಡಿ. ಗದಗಿನಲ್ಲಿ ನಾನು ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದೆ. ಮದುವೆಯಾದ ಮೇಲೆ ಒಂದು ವರ್ಷ ರಜೆ ಕೇಳಿದ್ದೆ. ಹೆಡ್ ಟೀಚರ್ ಬಾಯಿ ನನ್ನ ಮೇಲೆ ಪ್ರೀತಿಯುಳ್ಳವರು. "ಜೂನಿಗೆ ಸಾಲಿ ಚಾಲೂ ಆಗ್ತೈತಿ. ಅಷ್ಟರಾಗ ಬರ್ತೀಯೋ ಇಲ್ಲೋ ಹೇಳಿಬಿಡವಾ. ಅಲ್ಲೀತನಕಾ ನಿನ್ನ ಕುರ್ಚಿ ನಾ ಕಾಯ್ತೀನಿ" ಎಂದಿದ್ದರು. ಬಂದು ನೋಡುತ್ತೇನೆ, ಒಗ್ಗದಿದ್ದರೆ ವಾಪಸು ಹೋಗುತ್ತೇನೆ, ಆಮೇಲೆ ಇವರು ಬೇಕಾದರೆ ಹುಬ್ಬಳ್ಳಿಯ ಕಡೆ ಕೆಲಸ ಹುಡುಕಲಿ. ಇದು ನಮ್ಮಿಬ್ಬರ ಒಪ್ಪಂದ. ಅದಕ್ಕೆ ಸಾಕ್ಷಿಯಾಗಿ ನನ್ನ ಟ್ರಂಕನ್ನು ನಾನು ಪೂರ್ತಿ ಬಿಚ್ಚಿಯೇ ಇರಲಿಲ್ಲ. ಬೇಕಾದ ಸೀರೆ ತೆಗೆದು ಮತ್ತೆ ಮುಚ್ಚಳ ಹಾಕುತ್ತಿದ್ದೆ. ನಮ್ಮವರು ದಿನವೂ ಅದನ್ನು ದಾಟಿ ಸ್ನಾನಕ್ಕೆ ಹೋಗುತ್ತಿದ್ದರು, ಒಂದು ದಿನವೂ ಅದರ ಮಾತು ಎತ್ತುತ್ತಿರಲಿಲ್ಲ.

ನನ್ನ ಕೈಗೆ ಮೊದಲ ಡಬ್ಬಿ ಬಂದದ್ದು ಹೀಗಿದ್ದಾಗ. ಎದುರು ಮನೆಯ ಹೆಂಗಸು ಒಂದು ಬೆಳಿಗ್ಗೆ ಬಾಗಿಲು ತಟ್ಟಿದರು. ನನಗಿಂತ ಹದಿನೈದು ವರ್ಷ ದೊಡ್ಡವರಿರಬೇಕು, ಹಣೆಯ ತುಂಬ ಕುಂಕುಮ, ಕೈಯಲ್ಲಿ ಸ್ಟೀಲ್ ಡಬ್ಬಿ. ಒಳಗೆ ಬಿಸಿಬಿಸಿ ಪುಳಿಹೋರ, ಇಲ್ಲಿಯವರ ಹುಳಿಯನ್ನ. ಡಬ್ಬಿಯನ್ನು ನನ್ನ ಕೈಗಿಟ್ಟು, ನಮ್ಮ ಮನೆಯೊಳಕ್ಕೆ ಬೆರಳು ತೋರಿಸಿ, ತೆಲುಗಿನಲ್ಲಿ ಸಾಕಷ್ಟು ಉದ್ದವಾಗಿಯೇ ಏನೋ ಹೇಳಿದರು. ನಾನು ಏನು ಮಾಡಿದೆ ಎಂದು ನಿಮಗೀಗ ಹೇಳಬೇಕಾಗಿಲ್ಲ. ಅವರಿಗೆ ಸಮಾಧಾನವಾದಂತೆ ಕಂಡಿತು, ಹೊರಟು ಹೋದರು. ಡಬ್ಬಿಯ ಕಂಠದ ಮೇಲೆ ನಾಗರಿ ಅಕ್ಷರದಲ್ಲಿ 'ಶಾಂತಾ' ಎಂದು ಕೊರೆದಿತ್ತು. ಹೆಸರಿಗೆ ತಕ್ಕ ಮುಖ ಎಂದುಕೊಂಡೆ. ಅಂದಿನಿಂದ ಅವರು ನನ್ನ ಲೆಕ್ಕದಲ್ಲಿ ಶಾಂತಕ್ಕ ಆದರು. ಎದುರಿಗೆ ಮಾತ್ರ ಬರೀ ಅಕ್ಕಾ. ದೊಡ್ಡವರನ್ನು ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮಲ್ಲಿಲ್ಲ.

ಇನ್ನು ಡಬ್ಬಿ ತಿರುಗಿ ಕೊಡಬೇಕು. ಖಾಲಿ ಕೊಡುವಂತಿಲ್ಲ. ಇದು ನಮ್ಮವ್ವನ ಕಾನೂನು. ಬೇರೆಯವರ ಮನೆಯ ಪಾತ್ರೆ ಬರಿದಾಗಿ ಅವರ ಹೊಸಿಲು ದಾಟಬಾರದು. ಏನೂ ಇಲ್ಲವೆಂದರೆ ಒಂದು ಹಿಡಿ ಸಕ್ಕರೆ, ಅದೂ ಇಲ್ಲವೆಂದರೆ ಹಿತ್ತಲಿನ ಕರಿಬೇವು. ಒಮ್ಮೆ ಯಾರದೋ ಮದುವೆಗೆ ತಂದಿದ್ದ ಆಳೆತ್ತರದ ಕೊಳಗವನ್ನು ತಿರುಗಿ ಕಳಿಸುವಾಗ ಮನೆಯಲ್ಲಿ ಏನೂ ಸಿಗದೆ ಅವ್ವ ಅದರೊಳಗೆ ಒಂದು ನಿಂಬೆಹಣ್ಣು ಹಾಕಿದಳು. ಕೈಗಾಡಿಯ ಮೇಲೆ ಆ ಕೊಳಗ ಓಣಿಯುದ್ದಕ್ಕೂ ಹೋಗುವಾಗ ನಿಂಬೆಹಣ್ಣು ಒಳಗೆ ಗುಡುಗುಡು ಉರುಳುತ್ತಿತ್ತು. ಜನ ಬಾಗಿಲಿಗೆ ಬಂದು ನೋಡಿದರು. ಅವ್ವ ಸೆಟೆದು ನಿಂತು, "ಖಾಲಿ ಅಂತೂ ಕಳಿಸಿಲ್ಲ" ಎಂದಳು. ಅದೇ ಓಣಿಯ ಎದುರು ಮನೆಯವರೊಬ್ಬರು ಯಾವತ್ತೋ ನಮ್ಮ ಬಟ್ಟಲನ್ನು ತೊಳೆದು ಬರಿದೇ ಕಳಿಸಿದ್ದನ್ನು ಅವಳು ಇಂದಿಗೂ ಮರೆತಿಲ್ಲ. ಅವರ ಮಗಳ ಮದುವೆಯಾಗಿ ಮೊಮ್ಮಕ್ಕಳಾದರೂ, "ಯಾರು, ಆ ಖಾಲಿ ಬಟ್ಟಲದವ್ರಾ?" ಎಂದೇ ಕೇಳುತ್ತಾಳೆ.

ಇಂಥ ತಾಯಿಯ ಮಗಳು ನಾನು. ಶೇಂಗಾ ಹೋಳಿಗೆ ಮಾಡಿ, ಡಬ್ಬಿ ತುಂಬಿ ಕೊಟ್ಟು ಬಂದೆ. ಋಣ ಹರಿಯಿತು ಎಂದುಕೊಂಡು ಕೈ ತೊಳೆದುಕೊಂಡೆ. ಮೂರನೆಯ ದಿನ ಬಾಗಿಲು ತಟ್ಟಿದ ಸದ್ದಾಯಿತು. ಅದೇ ಡಬ್ಬಿ, ಒಳಗೆ ಗೋಂಗೂರ ಪಚ್ಚಡಿ, ಅಂದರೆ ನಮ್ಮ ಪುಂಡಿಪಲ್ಯದ ಚಟ್ನಿ. ನಾನು ಗುರೆಳ್ಳು ಚಟ್ನಿಪುಡಿ ತುಂಬಿದೆ. ಅದು ಸುನ್ನುಂಡೆಯಾಗಿ ತಿರುಗಿ ಬಂತು. ಉದ್ದಿನ ಹಿಟ್ಟು, ಬೆಲ್ಲ, ತುಪ್ಪದ ಆ ಉಂಡೆಗಳನ್ನು ನಮ್ಮವರು ಟಿಫಿನ್ನಿಗೂ ಬಿಡದೆ ತಿಂದು ಮುಗಿಸಿದರು. ನಾನು ವಗ್ಗರಣಿ ಚುರುಮುರಿ ಕೊಟ್ಟೆ. ಅವರು ಆವಕಾಯ ಉಪ್ಪಿನಕಾಯಿ ಕೊಟ್ಟರು. ಅದನ್ನು ಒಂದು ತುತ್ತಿಗೆ ಹಚ್ಚಿಕೊಂಡ ನಮ್ಮವರು ಎದ್ದು ಹೋಗಿ ನಲ್ಲಿಯ ಕೆಳಗೆ ಬಾಯಿ ಹಿಡಿದರು. ಆ ದಿನ ನಲ್ಲಿಯಲ್ಲಿ ನೀರು ಬರುವ ಪಾಳಿ ಅಲ್ಲ. ನನಗೆ ಹಟ ಬಂತು. ಬ್ಯಾಡಗಿ ಮೆಣಸಿನಕಾಯಿಯ ರಂಜಕ ಅರೆದು ಕೆಂಪಗೆ ತುಂಬಿ ಕಳಿಸಿದೆ. ಎರಡು ದಿನ ಬಿಟ್ಟು ಅಕ್ಕ ಮೆಟ್ಟಿಲಲ್ಲಿ ಸಿಕ್ಕಾಗ ಬಹಳ ವಿನಯದಿಂದ, "ಬಣ್ಣ ತುಂಬ ಚೆನ್ನಾಗಿತ್ತು" ಎಂದರು. ಆಂಧ್ರದವರೊಂದಿಗೆ ಖಾರದ ವಿಷಯದಲ್ಲಿ ಪಂಥ ಕಟ್ಟಬಾರದು ಎಂದು ಅಂದೇ ಕಲಿತೆ.

ನಮ್ಮವರಿಗೆ ಇದೊಂದು ಆಟವಾಯಿತು. ಸಂಜೆ ಕಾರ್ಖಾನೆಯ ಬಸ್ಸಿನಿಂದ ಇಳಿದು ಮನೆಗೆ ಬಂದವರು ಶೂ ಬಿಚ್ಚುತ್ತಲೇ, "ಇವತ್ತ ಬ್ಯಾಟಿಂಗ್ ಯಾರದು?" ಎಂದು ಕೇಳುತ್ತಿದ್ದರು. ಡಬ್ಬಿ ನಮ್ಮ ಅಡುಗೆ ಕಟ್ಟೆಯ ಮೇಲಿದ್ದರೆ ನಮ್ಮದು, ಇಲ್ಲದಿದ್ದರೆ ಅವರದು.

"ಇದು ಯಾವಾಗ ಮುಗೀತೈತ್ರಿ?" ಎಂದು ನಾನು ಒಮ್ಮೆ ಸಿಡುಕಿದೆ. "ನಾ ಕೊಟ್ಟು ಮುಗಸಬೇಕಂತೀನಿ, ಅವ್ರು ಬಿಡವಲ್ರು."

"ಟೆಸ್ಟ್ ಮ್ಯಾಚ್ ಐತಿ ಬಿಡು. ಭಾಳ ದಿನಾ ನಡೀಲಿ" ಎಂದು ಅವರು ಉಂಡೆಗೆ ಕೈ ಹಾಕಿದರು.

ನಿಜ ಹೇಳಬೇಕೆಂದರೆ ನನಗೂ ಬೇರೆ ಕೆಲಸವಿರಲಿಲ್ಲ. ಡಬ್ಬಿ ತುಂಬಬೇಕೆಂಬ ಒಂದೇ ಕಾರಣಕ್ಕೆ ಮನೆಯಿಂದ ಹೊರಗೆ ಬೀಳತೊಡಗಿದೆ. ಗುರೆಳ್ಳು ಹುಡುಕುತ್ತ ಬೇಗಂ ಬಜಾರಿಗೆ ಮೊದಲ ಸಲ ಬಂದು, ದಾರಿ ತಪ್ಪಿ, ಅರಿಶಿನದ ಮೂಟೆಗಳ ನಡುವೆ ಸೀನುತ್ತ ನಿಂತಾಗ ಯಾರೋ ಹಿಂದಿನಿಂದ, "ಅಕ್ಕಾರ, ಆ ಕಡೆ ಹೋಗಬ್ಯಾಡ್ರಿ, ಗಾಡಿ ಬರಾಕತ್ತೈತಿ" ಎಂದರು. ಬೀದರದ ಕಡೆಯ ಕಿರಾಣಿ ವ್ಯಾಪಾರಿ. ಆ ಒಂದು ವಾಕ್ಯಕ್ಕಾಗಿ ಅವರ ಅಂಗಡಿಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಗುರೆಳ್ಳು ಕೊಂಡೆ. ತೆಲುಗೂ ಬಂತು, ಆದರೆ ಬಂದದ್ದೆಲ್ಲ ಅಡುಗೆ ಮನೆಯ ತೆಲುಗು. ಉಪ್ಪು ಕಡಿಮೆ, ಹುಳಿ ಜಾಸ್ತಿ, ಇನ್ನೂ ಸ್ವಲ್ಪ ಹುರಿಯಬೇಕು, ಇವೆಲ್ಲ ಸಲೀಸು. ಆಟೋದವನಿಗೆ ಎಡಕ್ಕೆ ತಿರುಗಿಸು ಎನ್ನಲು ಬಾರದೆ ಒಮ್ಮೆ ಸಿಕಂದರಾಬಾದ್ ಸ್ಟೇಷನ್ ತಲುಪಿದ್ದೆ.

ಎಸ್‌ಟಿಡಿ ಬೂತಿನಿಂದ ಅವ್ವನಿಗೆ ಫೋನು ಮಾಡಿದರೆ ಅರ್ಧ ಮಾತು ಶಾಂತಕ್ಕನದೇ. ಶಾಂತಕ್ಕ ಹೀಗೆ ಮಾಡಿದರು, ಶಾಂತಕ್ಕ ಹಾಗೆ ಕಲಿಸಿದರು. ಅವ್ವ ಸಂತೋಷದಿಂದ, "ಚೊಲೋ ಮಂದಿ. ಖಾಲಿ ಮಾತ್ರ ಕೊಡಬ್ಯಾಡ ನೋಡು" ಎನ್ನುತ್ತಿದ್ದಳು. ಆದರೂ ಫೋನು ಇಟ್ಟು ಮನೆಗೆ ಬಂದರೆ ಟ್ರಂಕು ಕಾಣುತ್ತಿತ್ತು. ಶಾಲೆಯ ಗಂಟೆ, ಸುಣ್ಣದ ಕಡ್ಡಿಯ ಧೂಳು, ನನ್ನನ್ನು ಬಾಯಾರ್ರಿ ಎಂದು ಕರೆಯುವ ಮಕ್ಕಳು ನೆನಪಾಗುತ್ತಿದ್ದರು. ಇಲ್ಲಿ ನನ್ನನ್ನು ಕರೆಯುವವರು ಯಾರಿದ್ದಾರೆ, ಒಂದು ಡಬ್ಬಿ ಅಷ್ಟೇ ತಾನೆ ಅನ್ನಿಸಿ ಅಳು ಬರುತ್ತಿತ್ತು.

ಮೇ ತಿಂಗಳು ಬಂತು. ಹೈದರಾಬಾದಿನ ಮೇ ತಿಂಗಳ ಬಗ್ಗೆ ನಾನು ಹೇಳುವುದಿಲ್ಲ, ಗೊತ್ತಿದ್ದವರಿಗೆ ಗೊತ್ತು. ನೀರು ಎರಡು ದಿನಕ್ಕೊಮ್ಮೆ ಆಯಿತು, ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ಹಂಚತೊಡಗಿತು. ಹೆಡ್ ಟೀಚರ್ ಬಾಯಿ ಫೋನಿನಲ್ಲಿ, "ಏನ್ ಮಾಡ್ದಿ?" ಎಂದರು. ನಾನು, "ಬರ್ತೀನ್ರಿ" ಎಂದುಬಿಟ್ಟೆ. ನಮ್ಮವರಿಗೆ ಹೇಳಿದೆ. ಅವರು, "ನಿನ್ನ ಮನಸ್ಸಿಗೆ ಬಂದಂಗ ಮಾಡು" ಎಂದರು. ಆ ಸಂಜೆ ಬ್ಯಾಟಿಂಗ್ ಯಾರದೆಂದು ಕೇಳಲಿಲ್ಲ.

ಬ್ಯಾಟಿಂಗ್ ನಮ್ಮದೇ ಇತ್ತು. ಡಬ್ಬಿ ಕಟ್ಟೆಯ ಮೇಲೆ ಕೂತಿತ್ತು. ಪರರ ಡಬ್ಬಿ ಇಟ್ಟುಕೊಂಡು ಊರು ಬಿಡುವುದು ಹೇಗೆ? ಏನಾದರೂ ಮಾಡಿ ತುಂಬಿಸಿದರೆ ಮತ್ತೆ ತಿರುಗಿ ಬರುತ್ತದೆ. ಬಹಳ ಯೋಚಿಸಿ, ಚೆನ್ನಾಗಿ ತೊಳೆದು ಒರೆಸಿ, ಸಕ್ಕರೆ ತುಂಬಿದೆ. ಸಕ್ಕರೆ ಎಂದರೆ ಒಲೆ ಹೊತ್ತಿಸಿಲ್ಲ ಎಂದರ್ಥ, ಲೆಕ್ಕ ಇಲ್ಲಿಗೆ ಮುಗಿಯಿತು ಎಂದರ್ಥ. ಅದನ್ನು ಹಿಡಿದು ಎದುರು ಬಾಗಿಲು ತಟ್ಟಿದೆ. ನಮ್ಮಿಬ್ಬರ ಮಾತು ಅಷ್ಟು ಹೊತ್ತಿಗೆ ತೆಲುಗು, ಹಿಂದಿ, ಕನ್ನಡ ಕಲಸಿದ ಒಂದು ಚಿತ್ರಾನ್ನವಾಗಿತ್ತು. ಇಲ್ಲಿ ಅವರ ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ.

"ಅಕ್ಕಾ, ನಾ ಊರಿಗೆ ಹೊಂಟೀನ್ರಿ. ಸಾಲಿ ಚಾಲೂ ಆಗ್ತೈತಿ. ನಿಮ್ಮ ಡಬ್ಬಿ ತಗೋರಿ" ಎಂದೆ.

ಅಕ್ಕ ಮುಚ್ಚಳ ತೆರೆದರು. ಸಕ್ಕರೆಯನ್ನು ನೋಡಿದರು, ನನ್ನನ್ನು ನೋಡಿದರು, ಮುಚ್ಚಳ ಮುಚ್ಚಿದರು.

"ಇದನ್ನ ನನಗ್ಯಾಕೆ ಕೊಡ್ತೀಯ ಅಮ್ಮಾಯಿ? ಇದು ನಿಮ್ಮನೇದು."

"ನಮ್ಮನೀದು ಹೆಂಗಾಗ್ತೈತ್ರಿ? ನಿಮ್ಮ ಹೆಸರೇ ಐತಲ್ರಿ ಇದರ ಮ್ಯಾಲ."

"ನನ್ನ ಹೆಸರು ವರಲಕ್ಷ್ಮಿ" ಎಂದರು ಅಕ್ಕ.

ಒಂದು ರೈಲು ಹೋಯಿತು. ಅದು ಪೂರ್ತಿ ಹೋಗುವ ತನಕ ನಾವಿಬ್ಬರೂ ಡಬ್ಬಿಯನ್ನು ನೋಡುತ್ತ ನಿಂತಿದ್ದೆವು. ಆಮೇಲೆ ಅಕ್ಕ ನನ್ನನ್ನು ಒಳಗೆ ಕೂರಿಸಿ, ಮಜ್ಜಿಗೆ ಕೊಟ್ಟು ವಿಷಯ ಹೇಳಿದರು. ಶಾಂತಾಬಾಯಿ ಎನ್ನುವವರು ನಮಗಿಂತ ಮೊದಲು ನಮ್ಮ ಮನೆಯಲ್ಲಿದ್ದವರು. ನಾಂದೇಡದ ಕಡೆಯ ಮರಾಠಿಯವರು, ಅವರ ಗಂಡನೂ ರೈಲ್ವೆಯಲ್ಲಿ. ಅಕ್ಕ ವಿಜಯನಗರಂ ಬಿಟ್ಟು ಹೊಸದಾಗಿ ಈ ಊರಿಗೆ ಬಂದಾಗ ಯಾರ ಪರಿಚಯವೂ ಇರಲಿಲ್ಲವಂತೆ, ಮೊದಲು ಬಾಗಿಲು ತಟ್ಟಿದವರು ಶಾಂತಾಬಾಯಿ. ವರ್ಷಗಟ್ಟಲೆ ಡಬ್ಬಿ ಆಚೆ ಈಚೆ ಓಡಾಡಿತು. ಒಂದು ಸಲ ಅಕ್ಕ ತವರಿಗೆ ಹೋಗಿದ್ದಾಗ ಶಾಂತಾಬಾಯಿಯ ಗಂಡನಿಗೆ ದಿಢೀರನೆ ಬದಲಿಯಾಗಿ, ಅವರು ಮನೆ ಖಾಲಿ ಮಾಡಿಕೊಂಡು ಹೋಗಿಬಿಟ್ಟರು. ಡಬ್ಬಿ ಅಕ್ಕನ ಕಪಾಟಿನಲ್ಲೇ ಉಳಿಯಿತು.

"ಪರರ ಪಾತ್ರೆ ಮನೇಲಿಟ್ಟುಕೊಂಡ್ರೆ ನಮ್ಮತ್ತೆ ಬಯ್ಯೋರು. ಖಾಲಿ ಕೊಡೋ ಹಾಗೂ ಇಲ್ಲ. ಕೊಡೋಣ ಅಂದ್ರೆ ಎದುರು ಬಾಗಿಲಿಗೆ ಬೀಗ. ನೀವು ಬಂದ್ರಿ. ಆ ಮನೆ ಡಬ್ಬಿ ಆ ಮನೆಗೇ ಹೋಗಲಿ ಅಂತ ತುಂಬಿಸಿ ತಂದುಕೊಟ್ಟು, ಎಲ್ಲ ಬಿಡಿಸಿ ಹೇಳಿದೆ. ನೀನು ಚೆನ್ನಾಗಿ ತಲೆಯಾಡಿಸಿದೆ."

"ಹೌದ್ರಿ, ಆಡಿಸೀನ್ರಿ."

"ಮೂರು ದಿನಕ್ಕೆ ನೀನು ವಾಪಸ್ ತಂದೆ. ಪಾಪ, ಈ ಹುಡುಗಿಗೆ ಅರ್ಥವಾಗಿಲ್ಲ ಅಂತ ಮತ್ತೆ ಕೊಟ್ಟೆ. ನೀನು ಮತ್ತೆ ತಂದೆ. ಒಂದು ವರ್ಷದಿಂದ ಈ ಡಬ್ಬೀನ ನಿಮ್ಮನೆ ಸೇರಿಸೋಕೆ ಒದ್ದಾಡ್ತಿದ್ದೀನಿ, ನೀನು ಬಿಟ್ಟರೆ ತಾನೆ?"

ನನಗೆ ಮೊದಲು ನಾಚಿಕೆಯಾಯಿತು. ಆಮೇಲೆ ಗದಗಿನಲ್ಲಿ ಅವ್ವ ಓಣಿಯ ತುಂಬ ಶಾಂತಕ್ಕನ ಗುಣಗಾನ ಮಾಡುತ್ತಿರುವುದು ನೆನಪಾಗಿ ನಗು ತಡೆಯಲಾಗಲಿಲ್ಲ. ಅಕ್ಕನೂ ನಕ್ಕರು. ಮಜ್ಜಿಗೆಯ ಲೋಟ ಹಿಡಿಯಲಾಗದಷ್ಟು ನಕ್ಕೆವು. ನಗು ಮುಗಿದ ಮೇಲೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟರು.

"ಆ ಬಾಗಿಲಿಗೆ ಬೀಗ ಇದ್ದಾಗ ದಿನಾ ಕಪಾಟು ತೆಗೆದ್ರೆ ಇದೇ ಕಾಣೋದು. ಇನ್ನೊಂದು ಸಲ ನನ್ನ ಕೈಲಿ ಆಗೋಲ್ಲ. ಹೋಗೋದಿದ್ರೆ ನೀನೇ ಊರಿಗೆ ತಗೊಂಡು ಹೋಗು. ಇಲ್ಲಿ ಬಿಟ್ಟು ಹೋಗಬೇಡ."

ಡಬ್ಬಿ ಹಿಡಿದು ನಮ್ಮ ಮನೆಗೆ ಬಂದೆ. ಟ್ರಂಕಿನಲ್ಲಿ ಅದಕ್ಕೆ ಜಾಗ ಮಾಡಲು ಹೊರಟೆ. ಎರಡು ಸೀರೆ ತೆಗೆದು ಹೊರಗಿಟ್ಟೆ. ಇಟ್ಟ ಡಬ್ಬಿ ಗದಗಿಗೆ ಹೋಗಿ ಏನು ಮಾಡೀತು, ಅಲ್ಲಿ ಅದನ್ನು ಯಾರ ಮನೆಗೆ ತಿರುಗಿ ಕೊಡಲಿ ಎಂದು ಯೋಚನೆ ಬಂತು. ಇನ್ನೆರಡು ಸೀರೆ ತೆಗೆದೆ. ನನ್ನನ್ನು ಕರೆಯಲು ಈ ಊರಿನಲ್ಲಿ ಒಂದು ಡಬ್ಬಿ ಮಾತ್ರ ಇದೆ ಎಂದು ಅಳುತ್ತಿದ್ದೆನಲ್ಲ, ಅದೂ ಅಷ್ಟು ಸಣ್ಣ ಸಂಗತಿಯಲ್ಲ ಅನ್ನಿಸಿತು. ನಮ್ಮವರು ಬರುವ ಹೊತ್ತಿಗೆ ಸೀರೆಗಳೆಲ್ಲ ಕಪಾಟಿನಲ್ಲಿದ್ದವು, ನಾನು ಅಕ್ಕನಿಗೆ ಕೊಡಲು ಹೋದ ಅದೇ ಸಕ್ಕರೆಯಲ್ಲಿ ಶಿರಾ ಮಾಡುತ್ತಿದ್ದೆ. ಅವರು ಖಾಲಿ ಟ್ರಂಕು ನೋಡಿ, ಒಲೆಯ ಕಡೆ ನೋಡಿ, ಬಹಳ ಹುಷಾರಾಗಿ ಕೇಳಿದರು.

"ಬ್ಯಾಟಿಂಗ್ ಯಾರದು?"

"ನಮ್ಮದೇ ಐತ್ರಿ."

ಶಿರಾ ಬಿಸಿ ಇರುವಾಗಲೇ ಡಬ್ಬಿ ತುಂಬಿ ಎದುರು ಬಾಗಿಲು ತಟ್ಟಿದೆ. ಅಕ್ಕ ಮುಚ್ಚಳ ತೆರೆದು ನೋಡಿದರು. ತುಪ್ಪದ ಘಮ ಮುಖಕ್ಕೆ ಹೊಡೆಯಿತು. ಡಬ್ಬಿಯನ್ನು ಒಳಗೆ ತೆಗೆದುಕೊಂಡು ಹೋದರು. ಮರುದಿನ ನಾನು ಬೂತಿಗೆ ಹೋಗಿ ಹೆಡ್ ಟೀಚರ್ ಬಾಯಿಗೆ ಕುರ್ಚಿ ಬೇರೆಯವರಿಗೆ ಕೊಡಿರೆಂದು ಹೇಳಿದೆ. ಅವರು ಬಯ್ಯಲಿಲ್ಲ. "ಅಲ್ಲೇನ್ ಸಿಕ್ತವಾ ನಿನಗ?" ಎಂದು ಮಾತ್ರ ಕೇಳಿದರು. ಡಬ್ಬಿ ಎನ್ನಲು ಬಾಯಿ ಬರಲಿಲ್ಲ. ಮುಂದೆ ಅದೇ ಮಲ್ಕಾಜ್‌ಗಿರಿಯ ಒಂದು ಶಾಲೆಯಲ್ಲಿ ಹಿಂದಿ ಕಲಿಸುವ ಕೆಲಸ ಸಿಕ್ಕಿತು. ಗಾಂಧೀಜಿಯ ಪ್ರಬಂಧ ಅಲ್ಲಿ ಉಪಯೋಗಕ್ಕೆ ಬಂತು.

ಕೆಲವು ವರ್ಷಗಳ ಮೇಲೆ ನಾವು ಸಾಲ ಮಾಡಿ ಊರ ಹೊರಗೆ ಸ್ವಂತ ಫ್ಲ್ಯಾಟ್ ತೆಗೆದುಕೊಂಡೆವು. ಮನೆ ಬಿಡುವ ದಿನ ಡಬ್ಬಿಯ ವಿಚಾರದಲ್ಲಿ ಜಗಳವೇ ಇರಲಿಲ್ಲ. ಅದು ನಮ್ಮದಲ್ಲ, ನಾವು ಬಿಡುತ್ತಿದ್ದ ಮನೆಯದು. ಶೇಂಗಾ ಹೋಳಿಗೆ ತುಂಬಿ ಅಕ್ಕನ ಕೈಗಿಟ್ಟೆ. ಈ ಸಲ ಅಕ್ಕನ ಎದುರು ಬಾಗಿಲಿಗೆ ಬೀಗ ಬೀಳಲಿಲ್ಲ, ನಮ್ಮ ಲಾರಿ ಹೊರಡುವ ಮೊದಲೇ ಇನ್ನೊಬ್ಬರ ಲಾರಿ ಬಂದಿತ್ತು. ಅದರಿಂದ ಇಳಿದ ಹುಡುಗಿಯನ್ನು ಅಕ್ಕ ಮೇಲಿನಿಂದಲೇ ಗಮನಿಸುತ್ತಿದ್ದರು. ಅಕ್ಕನ ಯಜಮಾನರು ನಿವೃತ್ತರಾಗಿ ಅವರೂ ವಿಜಯನಗರಂಗೆ ಹೋದ ಮೇಲೆ ಡಬ್ಬಿಯ ಸುದ್ದಿ ನನಗೆ ತಿಳಿದಿಲ್ಲ. ಈಗಲೂ ಎಲ್ಲೋ ಯಾವುದೋ ಎರಡು ಬಾಗಿಲುಗಳ ನಡುವೆ ಓಡಾಡುತ್ತಿದೆ ಎಂದೇ ನನ್ನ ನಂಬಿಕೆ.

ಚಹಾ ಬಂತು ನೋಡಿ. ಸೇಠ್ ಮತ್ತೆ ಮಷೀನು ಕೈಗೆತ್ತಿಕೊಂಡಿದ್ದಾನೆ.

ನಮ್ಮ ಫ್ಲ್ಯಾಟಿನ ಎದುರು ಬಾಗಿಲಿಗೆ ಹೋದ ತಿಂಗಳು ಒಂದು ಜೋಡಿ ಬಂದಿದೆ. ಒಡಿಶಾದವರು. ಹುಡುಗ ಸಾಫ್ಟ್‌ವೇರ್, ಬೆಳಿಗ್ಗೆ ಹೋದವನು ಯಾವಾಗ ಬರುತ್ತಾನೋ ದೇವರಿಗೇ ಗೊತ್ತು. ಹುಡುಗಿ ದಿನವಿಡೀ ಒಬ್ಬಳೇ. ಹೋದ ವಾರ ಲಿಫ್ಟಿನಲ್ಲಿ ಸಿಕ್ಕಳು. ನೀರಿನ ಟ್ಯಾಂಕರು ಯಾವ ದಿನ ಬರುತ್ತದೆ, ಕಸದವನು ಎಷ್ಟು ಹೊತ್ತಿಗೆ ಬರುತ್ತಾನೆ ಎಂದು ನನ್ನ ತೆಲುಗು ಹಿಂದಿಯಲ್ಲಿ ಬಿಡಿಸಿ ಹೇಳಿದೆ. ಅವಳು ಪ್ರತಿಯೊಂದಕ್ಕೂ ಬಹಳ ಚೆನ್ನಾಗಿ ತಲೆಯಾಡಿಸಿದಳು. ಆ ತಲೆಯಾಡಿಸುವಿಕೆಯ ಗುರುತು ನನಗೆ ಹತ್ತದೆ ಇನ್ನಾರಿಗೆ ಹತ್ತಬೇಕು? ಸೀದಾ ಬೇಗಂ ಬಜಾರಿನ ಬಸ್ಸು ಹತ್ತಿದೆ.

"ಬೋಲೋ ಅಮ್ಮಾ, ನಾಮ್?" ಎಂದ ಸೇಠ್.

"ಶಾಂತಾ" ಎಂದೆ.

ಮಷೀನು ಗುರ್ ಎನ್ನುತ್ತ ಹೊಳೆಯುವ ಕಂಠದ ಮೇಲೆ ಮೂರು ಸುತ್ತು ಓಡಾಡಿತು. ಅವನು ಉಫ್ ಎಂದು ಪುಡಿ ಊದಿ, ಅಂಗಿಯ ತೋಳಿಗೆ ಒರೆಸಿ, ಡಬ್ಬಿಯನ್ನು ನನ್ನ ಕಡೆ ಚಾಚಿದ.

"ಆಪ್ ಕಾ ನಾಮ್ ಶಾಂತಾ ಹೈ?"

ನಾನು ತಲೆಯಾಡಿಸಿದೆ.